ಸೇನಾ ಸರಕು ವಿಮಾನ: ಇದ್ದುದನ್ನು ತಿದ್ದುವುದೋ, ಹೊಸದನ್ನೇ ಕಟ್ಟುವುದೋ?

ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟಿಗೆ ಈ ಎರಡರಲ್ಲಿ ಒಂದನ್ನು ಆರಿಸುವ ಮುನ್ನ ಬ್ರೆಜಿಲ್‌ನ ವಿಮಾನ ತಯಾರಿಕಾ ಕಂಪನಿ ಎಂಬ್ರೇಯರ್‌ನ ಕಥೆ ನೋಡುವುದು ಒಳ್ಳೆಯದು.

ತನ್ನ ಇ-190 ಪ್ರಯಾಣಿಕ ಜೆಟ್‌ನ ತಂತ್ರಜ್ಞಾನವನ್ನು ಬಳಸಿ ಸರಕು ವಿಮಾನ ಮಾಡುವ ಯೋಚನೆಯನ್ನು ಅದು 2007ರಲ್ಲಿ ಮುಂದಿಟ್ಟಿತು. ಕಾಗದದ ಮೇಲೆ ಲಾಭವೇ ಲಾಭ: ಪಳಗಿದ ಬಿಡಿಭಾಗ, ಕಡಿಮೆ ಖರ್ಚು. ತೊಡಕೆಲ್ಲ ಒಡಲಿನದು. ಇ-190ರ ಒಳಗಿನ ಅಗಲ ಸುಮಾರು 2.74 ಮೀಟರ್, ಎತ್ತರ 2 ಮೀಟರ್. ಸೇನಾ ವಾಹನ ಅದರೊಳಗೆ ಹೇಗೆ ಹೋದೀತು? ರೆಕ್ಕೆ ಕೆಳಗಿರುವುದರಿಂದ ವಿಮಾನದೊಳಗಿನ ನೆಲವೂ ಎತ್ತರದಲ್ಲಿದೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಇಳಿಯುವ ಎಟಿಆರ್ ಪ್ರಯಾಣಿಕ ವಿಮಾನ ನೋಡಿ: ರೆಕ್ಕೆ ನೆತ್ತಿಯ ಮೇಲೆ, ಹೊಟ್ಟೆ ನೆಲಕ್ಕೆ ಹತ್ತಿರ. ಸರಕಿಗೆ ಬೇಕಾದದ್ದು ಇದೇ.

ಆ ಯೋಚನೆಯಿಂದ ಹುಟ್ಟಿ 2015ರಲ್ಲಿ ಮೊದಲು ಹಾರಿದ ಸರಕು ವಿಮಾನ ಕೆಸಿ-390 ಕೊನೆಗೆ ಬಹುಮಟ್ಟಿಗೆ ಹೊಸ ವಿಮಾನವೇ: ಎತ್ತರದ ರೆಕ್ಕೆ, ಹಿಂಬದಿ ಇಳಿಜಾರು ಬಾಗಿಲು, ಬೇರೆ ಎಂಜಿನ್, 26 ಟನ್ ಹೊರೆ. ಅಂದರೆ ಉಳಿತಾಯದ ಲೆಕ್ಕ ಅರ್ಧಕ್ಕೆ ನಿಂತಿತು ಎಂಬುದು ನನ್ನ ಅನಿಸಿಕೆ.

ಗಸ್ತು, ಗಣ್ಯರ ಪ್ರಯಾಣ, ರೋಗಿಗಳ ಸಾಗಣೆ ನಿಮ್ಮ ವಿಷಯವಾದರೆ ಹಳೆಯ ಜೆಟ್ಟನ್ನೇ ತಿದ್ದಿ. ಜೀಪು, ಪ್ಯಾರಾಚೂಟ್ ಎಂದರೆ ಹೊಸ ಒಡಲನ್ನೇ ಬರೆಯಿರಿ. ಕಾಕ್‌ಪಿಟ್‌ನ ಉಪಕರಣಗಳನ್ನು ಮಾತ್ರ ಎರವಲು ತನ್ನಿ.