ಹಗ್ಗನೋ ಚೈನೋ: ಹಿನ್ನೀರಿನ್ಯಾಗ ಸಣ್ಣ ಬೋಟಿನ ಲಂಗರಕ್ಕ ನಾಲ್ಕು ಥರ ಹಾಕಿ ನೋಡಿದ್ದು

ನಮ್ಮದು 14 ಫೂಟಿನ ಫೈಬರ್ ಬೋಟು, ಮುನಿರಾಬಾದ್ ಕಡೆಯಿಂದ ತುಂಗಭದ್ರಾ ಹಿನ್ನೀರಿಗೆ ಮೀನಿಗೆ ಹೋಗ್ತೀವಿ, ನಾನು ನಮ್ಮಣ್ಣನ ಮಗ ಇಬ್ರು. ಹರಿಗೋಲು ಇದ್ದಾಗ ಈ ಚಿಂತಿನ ಇರ್ಲಿಲ್ಲ, ಒಂದು ಕಲ್ಲಿಗೆ ಹಗ್ಗ ಬಿಗಿದು ಇಳಿಬಿಟ್ರ ಆತು. ಬೋಟು ಹಂಗಲ್ಲ ನೋಡ್ರಿ, ಮೈ ಎತ್ತರ ಐತಿ, ಗಾಳಿ ಹಿಡೀತೈತಿ, ಜೂನ್ ಜುಲೈದಾಗ ಪಡುವಣ ಗಾಳಿ ಶುರು ಆತಂದ್ರ ಆ ಬಯಲು ನೀರಿನ್ಯಾಗ ಅಡ್ಡ ಏನೂ ಇಲ್ಲ, ತೆರಿ ಎದ್ದು ಬಂದು ಮೂತಿಗೆ ಹೊಡೀತಾವ, ಲಂಗರ ಸರಿ ಇಲ್ಲಂದ್ರ ಬಲಿ ಇದ್ದ ಕಡೆ ಬಲಿ, ನಾವಿದ್ದ ಕಡೆ ನಾವು. ಮೂರು ವರ್ಷದಾಗ ನಾಲ್ಕು ಥರ ಹಾಕಿ ನೋಡೀನಿ, ಲಂಗರ ಮಾತ್ರ ಎಲ್ಲಾದಕ್ಕೂ ಒಂದ ಥರದ್ದು, 5 ಕೆಜಿದು, ಚಪ್ಪಟಿ ಹಲ್ಲಿಂದು.

ಮೊದಲ್ನೇದು ಎಲ್ರೂ ಹಾಕೋ ನೀಲಿ ಪಿಪಿ ಹಗ್ಗ, ಅಂದ್ರ ಪಾಲಿಪ್ರೊಪಿಲೀನ್. ಅಗ್ಗ, ಹಗುರ, ಸಂತ್ಯಾಗೂ ಸಿಗ್ತೈತಿ. ಆದ್ರ ಅದು ನೀರಿಗಿಂತ ಹಗುರ, ತೇಲ್ತೈತಿ. ತೇಲೋದು ಚೊಲೋನ ಅಂತ ಅನಸ್ತೈತಿ, ಲಂಗರಕ್ಕ ಮಾತ್ರ ಅದ ದೊಡ್ಡ ದೋಷ, ಯಾಕಂದ್ರ ಸಡಿಲು ಬಿಟ್ಟ ಹಗ್ಗ ನೀರಿನ ಮ್ಯಾಲ ಹಾವಿನಂಗ ಬಿದ್ದಿರ್ತೈತಿ. ಒಂದಿನ ಮುಂಜಾನೆ ನಸುಕಿನ್ಯಾಗ ಪಕ್ಕದ ಬೋಟು ಹಾದು ಹೋಗುವಾಗ ಅವನ ಇಂಜಿನ್ ಫ್ಯಾನಿಗೆ ನಮ್ಮ ಹಗ್ಗ ಸುತ್ತಿಕೊಂಡು ಕಟ್ ಆತು, ಲಂಗರ ತಳಕ್ಕ ಹೋತು, ಎರಡು ದಿನ ಪಾತಾಳಗರಡಿ ಬಿಟ್ಟು ಹುಡುಕಿದ್ರೂ ಸಿಗ್ಲಿಲ್ಲ. ಅವನ ತಪ್ಪಲ್ಲ ಅದು, ಹಗ್ಗದ ತಪ್ಪು. ಇನ್ನ ನಮ್ಮ ಕಡೆ ಬಿಸಲು ನಿಮಗ ಗೊತ್ತೈತಿ, ಒಂದು ಬ್ಯಾಸಗಿ ಕಳೀತು ಅಂದ್ರ ಪಿಪಿ ಹಗ್ಗ ಕೈಯಾಗ ಹಿಡಿದ್ರ ನೀಲಿ ಪುಡಿ ಅಂಗೈಗೆ ಹತ್ತತೈತಿ, ಸಣ್ಣ ಸಣ್ಣ ಮುಳ್ಳಿನಂಗ ಚುಚ್ಚತೈತಿ. ಹಂಗ ಆತಂದ್ರ ಆ ಹಗ್ಗದ ಜೀವ ಮುಗೀತು ಅಂತ ತಿಳ್ಕೋರಿ.

ಆ ಸಿಟ್ಟಿನ್ಯಾಗ ಎರಡ್ನೇ ಸಲ ಪೂರ್ತಿ ಚೈನ್ ಹಾಕಿದೆ. 6 ಎಂಎಂ ಗ್ಯಾಲ್ವನೈಸ್ಡ್, 20 ಮೀಟರ್. ಮೀಟರಿಗೆ ಸುಮಾರು 800 ಗ್ರಾಂ ಬರ್ತೈತಿ, ಅಂದ್ರ 16 ಕೆಜಿ ಬರೇ ಚೈನು, ಎಲ್ಲಾ ಮೂತಿ ಕಡೆನ, ಬೋಟು ಮುಂದಕ್ಕ ಬಗ್ಗಿ ನಿಂತಂಗ ಕಾಣ್ತಿತ್ತು. ಹಿಡಿಯೋದು ಮಾತ್ರ ಮಸ್ತ್ ಹಿಡೀತು, ಗಾಳಿ ಸಣ್ಣದಿದ್ದಾಗ ಚೈನಿನ ತೂಕಕ್ಕ ಬೋಟು ಅಲ್ಲಾಡ್ತಿರ್ಲಿಲ್ಲ. ಗಾಳಿ ಜೋರಾದಾಗ ಗೊತ್ತಾತು ಅದರ ಹಕೀಕತ್ತು. ಚೈನು ಬಿಗಿಯಾಗಿ ನೆಟ್ಟಗಾಗಿ ಬಿಡ್ತೈತಿ, ಆಮ್ಯಾಲ ಅದರಾಗ ಹಿಗ್ಗೋದು ಅನ್ನೋದ ಇಲ್ಲ, ಒಂದೊಂದು ತೆರಿಗೂ ಬೋಟಿಗೆ ಧಡ್ ಧಡ್ ಅಂತ ಜಟಕಿ. ಎರಡು ತಿಂಗಳದಾಗ ಮೂತಿ ಮ್ಯಾಲ ಹಗ್ಗ ಚೈನು ಕಟ್ಟೋ ಗೂಟ, ಅಂದ್ರ ಕ್ಲೀಟು, ಅದರ ಬೋಲ್ಟು ಸಡಿಲಾಗಿ ಫೈಬರ್ ಸುತ್ತ ಕೂದಲಿನಂಥ ಬಿರುಕು ಬಿಟ್ಟಿತ್ತು. ಎತ್ತುವಾಗ ಅದರ ಕೊಂಡಿ ಕೊಂಡಿಗೂ ಹೂಳು ಮೆತ್ತಿಕೊಂಡು ಬರ್ತಿತ್ತು, ಬೋಟಿನ ತುಂಬ ಕರೀ ರಾಡಿ, ಹುಡುಗನ ನಡ ಬಿದ್ದು ಹೋಗ್ತಿತ್ತು.

ಮೂರ್ನೇದು, ಈಗ ಇರೋದು, ನೈಲಾನ್ ಹಗ್ಗ ಮತ್ತ ತುದಿಗೆ ತುಂಡು ಚೈನು. 10 ಎಂಎಂ ಮೂರೆಳಿ ನೈಲಾನ್ 40 ಮೀಟರ್, ಅದೇ ಹಳೇ ಚೈನಿಂದ ಕಟ್ ಮಾಡಿದ್ದು 4 ಮೀಟರ್. ನೈಲಾನ್ ಮುಳುಗ್ತೈತಿ, ಫ್ಯಾನಿಗೆ ಸಿಗೋ ಹೆದರಿಕಿ ಕಮ್ಮಿ. ಮತ್ತ ಅದು ಹಿಗ್ಗತೈತಿ, ತೆರಿ ಬಂದಾಗ ಹಗ್ಗ ಉದ್ದ ಆಗಿ ಮತ್ತ ಮೆಲ್ಲಕ ವಾಪಸ್ ಜಗ್ಗತೈತಿ, ಆ ಜಟಕಿ ಬೋಟಿಗೂ ಬರಂಗಿಲ್ಲ, ಲಂಗರಕ್ಕೂ ಹೋಗಂಗಿಲ್ಲ. ಕೆಳಗಿನ ಚೈನು ಏನ್ ಮಾಡ್ತೈತಿ ಅಂದ್ರ ತಳದಾಗ ಅಂಗಾತ ಬಿದ್ದು ಲಂಗರದ ಕಾಲನ್ನ, ಅಂದ್ರ ಚೈನು ಕಟ್ಟೋ ಉದ್ದ ದಂಡನ್ನ, ಮ್ಯಾಲ ಎತ್ತಗೊಡಂಗಿಲ್ಲ, ಎಳೆತ ಅಡ್ಡಕ್ಕ ಬೀಳ್ತೈತಿ, ಹಲ್ಲು ಇನ್ನಷ್ಟು ಹೂಳಿನ್ಯಾಗ ಇಳೀತಾವ. ನಮ್ಮ ಡ್ಯಾಮಿನ್ಯಾಗ ಹೂಳಿಗೆ ಬರ ಇಲ್ರಿ, ಶುರುವಿನ್ಯಾಗ 133 ಟಿಎಂಸಿ ಹಿಡೀತಿದ್ದದ್ದು ಈಗ 105ರ ಆಸುಪಾಸಿಗೆ ಬಂದೈತಿ, ಉಳಿದದ್ದೆಲ್ಲ ಮಣ್ಣ. ರೈತರಿಗೆ ಅದು ದೊಡ್ಡ ಸಂಕಟ. ಲಂಗರ ಕೂಡಾ ಮ್ಯಾಲಿನ ಅಂಬಲಿಯಂಥ ರಾಡಿ ದಾಟಿ ಕೆಳಗಿನ ಗಟ್ಟಿ ಮಣ್ಣಿಗೆ ಹೋಗಿ ಕೂಡಬೇಕು, ಅದಕ್ಕ ಮೆಲ್ಲಕ ಹಿಂದಕ್ಕ ಜಗ್ಗಿ ಕೂಡಸ್ಬೇಕು, ಒಮ್ಮಿಗೇ ಜಗ್ಗಿದ್ರ ಬೆಣ್ಣ್ಯಾಗ ಚಾಕು ಎಳದಂಗ ಬಂದ್ಬಿಡ್ತೈತಿ.

ಎಷ್ಟು ಉದ್ದ ಬಿಡ್ತೀರಿ ಅನ್ನೋದು ಹಗ್ಗ ಯಾವ್ದು ಅನ್ನೋದಕ್ಕಿಂತ ದೊಡ್ಡ ಮಾತು. 15 ಫೂಟ್ ನೀರು, ಬೋಟಿನ ಮೂತಿ ನೀರಿಂದ 2 ಫೂಟ್ ಮ್ಯಾಲ, ಅಂದ್ರ 17, ಅದರ ಐದು ಪಟ್ಟು 85 ಫೂಟ್ ಬಿಡ್ಬೇಕು, ಗಾಳಿ ಜೋರಿದ್ರ ಏಳು ಪಟ್ಟು. ನಾನು ದಂಡಿ ಮ್ಯಾಲಿನ ಒಂದು ಜಾಲಿಗಿಡನ ಅದರ ಹಿಂದಿನ ಗುಡ್ಡದ ತುದಿಗೆ ಸಾಲು ಹಿಡಿದು ನೋಡ್ತಿದ್ದೆ, ಅದೇ ಲಂಗರ ಅದೇ ಗಾಳಿ, ಮೂರು ಪಟ್ಟು ಬಿಟ್ಟಾಗ ಅರ್ಧ ತಾಸಿನ್ಯಾಗ ಗಿಡ ಗುಡ್ಡ ಬಿಟ್ಟು ಸರೀತು, ಐದು ಪಟ್ಟು ಬಿಟ್ಟಾಗ ಮೀನು ಎತ್ತಿ ಬುತ್ತಿ ಉಂಡು ಏಳೋ ತನಕ ಅಲ್ಲೇ ಇತ್ತು.

ನಾಲ್ಕನೇದು ಪಾಲಿಯೆಸ್ಟರ್ ಹೆಣೆದ ಹಗ್ಗ. ಕೈಗೆ ಮೆತ್ತಗ, ಬಿಸಲಿಗೂ ತಿಕ್ಕಾಟಕ್ಕೂ ತಡೀತೈತಿ, ಆದ್ರ ನೈಲಾನಿನಷ್ಟು ಹಿಗ್ಗಂಗಿಲ್ಲ. ದಂಡಿಗೆ ಕಟ್ಟಾಕ ಇಟ್ಕೊಂಡೀನಿ, ಅದಕ್ಕ ಭಾಳ ಚೊಲೋ. ಸ್ಟೇನ್‌ಲೆಸ್ ಚೈನು ನೋಡಾಕ ಚಂದ, ರೊಕ್ಕ ಮೂರು ಪಟ್ಟು ಹೇಳಿದ್ರು, ನಾನು ಕೊಳ್ಳಲಿಲ್ಲ. ಕಾರವಾರ ಮಲ್ಪೆ ಕಡೆ ಉಪ್ಪುನೀರು, ಅಲ್ಲಿ ದಿನಾ ಸಿಹಿನೀರಾಗ ತೊಳೀದಿದ್ರ ಸತುವಿನ ಲೇಪ ಬೇಗ ಹೋಗ್ತೈತಿ, ನಮ್ಮದು ಸಿಹಿನೀರು, ಗ್ಯಾಲ್ವನೈಸ್ಡ್ ಚೈನು ವರ್ಷಗಟ್ಲೆ ಬರ್ತೈತಿ.

ಸಾಣಾಪುರ, ಆನೆಗೊಂದಿ ಕಡೆ ಹೋದ್ರ ಲೆಕ್ಕ ಬ್ಯಾರೆ. ಅಲ್ಲಿ ತಳ ಎಲ್ಲಾ ಬಂಡಿಗಲ್ಲು. ಅಲ್ಲಿ ನೈಲಾನ್ ಕಲ್ಲಿಗೆ ತಾಗಿದ್ರ ಒಂದೇ ದಿನದಾಗ ಹತ್ತಿಯಂಗ ನಾರು ಎದ್ದು ನಿಂತಾವ, ನಾ ಕಣ್ಣಾರೆ ನೋಡೀನಿ. ಅಲ್ಲಿ 4 ಮೀಟರ್ ಚೈನು ಸಾಲಂಗಿಲ್ಲ, 10 ಮೀಟರ್ ಬೇಕು, ಮತ್ತ ಲಂಗರದ ಹಲ್ಲಿನ ಕಡೆ ತುದಿಗೆ ಬ್ಯಾರೆ ಒಂದು ಸಣ್ಣ ಹಗ್ಗ ಕಟ್ಟಿ ಖಾಲಿ ಕ್ಯಾನು ತೇಲಿಬಿಡ್ರಿ, ಸಂದಿಯಾಗ ಸಿಕ್ಕೊಂಡ್ರ ಆ ಕಡೆಯಿಂದ ಎತ್ತಿದ್ರ ಬರ್ತೈತಿ.

ಸಂಭಾಳಿಸೋ ವಿಷಯಕ್ಕ ಬಂದ್ರ, 2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 19ನೇ ಗೇಟಿನ ಚೈನು ಕಟ್ ಆಗಿ ಗೇಟು ಕೊಚ್ಚಿಕೊಂಡು ಹೋತಲ್ಲ, 33 ಗೇಟಿನ್ಯಾಗ ಒಂದು, ಒಂದು ವಾರ ಊರಿಗೂರು ನಿದ್ದಿ ಮಾಡ್ಲಿಲ್ಲ, ಸ್ಟಾಪ್‌ಲಾಗ್ ಅಂದ್ರ ತಾತ್ಕಾಲಿಕ ಅಡ್ಡ ಹಲಗಿ ಇಳಿಸೋ ತನಕ ನೀರು ನಮ್ಮ ಕಣ್ಣ ಮುಂದ ಹೋಗ್ತಿತ್ತು. ಆವತ್ತಿಂದ ನಾನು ಚೈನನ್ನ ಉದ್ದಕ ನೋಡಿ ಬಿಡಂಗಿಲ್ಲ, ಒಂದೊಂದು ಕೊಂಡಿ ತಿರುಗಿಸಿ ನೋಡ್ತೀನಿ. ಸವೆಯೋದು ಹೊರಗ ಕಾಣೋ ಕಡೆ ಅಲ್ಲ, ಕೊಂಡಿಗೆ ಕೊಂಡಿ ಕೂಡೋ ಒಳಮೈಯಾಗ. ನಮ್ಮ ಚೈನಿನ್ಯಾಗ ಶ್ಯಾಕಲ್, ಅಂದ್ರ ಲಂಗರಕ್ಕ ಚೈನು ಕೂಡಿಸೋ ಪಿನ್ನಿನ ಕೊಂಡಿ, ಅದರ ಹತ್ರದ ಮೊದಲ ಮೂರು ಕೊಂಡಿ ಹೊಳೀತಿದ್ವು, ವರ್ನಿಯರ್ ಹಿಡಿದ್ರ 5.3 ಎಂಎಂ, ಉಳಿದವು ಹತ್ರತ್ರ 6. ಹತ್ತನೇ ಒಂದು ಭಾಗ ಸವೀತು ಅಂದ್ರ ತಗೀಬೇಕು, ಆ ಮೂರು ಕೊಂಡಿ ಕಟ್ ಮಾಡಿ ಚೈನನ್ನ ತಿರುವು ಮುರುವು ಹಾಕಿದೆ. ಶ್ಯಾಕಲ್ ಪಿನ್ನಿಗೆ ತಂತಿ ಸುತ್ತೋದು ಮರೀಬ್ಯಾಡ್ರಿ, ನೀರಿನ್ಯಾಗ ಅಲುಗಾಡಿ ಅಲುಗಾಡಿ ತಾನ ಬಿಚ್ಚಿಕೊಳ್ತೈತಿ.

ಹಗ್ಗ ಚೈನಿಗೆ ಗಂಟು ಹಾಕಬ್ಯಾಡ್ರಿ, ಗಂಟು ಹಾಕಿದ ಕಡೆ ತಾಕತ್ತು ಅರ್ಧದ ತನಕ ಹೋಗ್ತೈತಿ. ಮೂರೆಳಿ ಬಿಚ್ಚಿ ಥಿಂಬಲ್, ಅಂದ್ರ ಹಗ್ಗ ಸವೀದಂಗ ಕುಣಿಕಿ ಒಳಗ ಕೂಡಸೋ ಗಾಡಿ ಬಳಿ, ಅದರ ಸುತ್ತ ತಿರುಗಿಸಿ ಹಗ್ಗದೊಳಗ ಒಂದರ ಕೆಳಗ ಒಂದು ಐದು ಸಲ ಹೆಣೀರಿ, ನೈಲಾನ್ ಜಾರೂದು ಜಾಸ್ತಿ ಅದಕ್ಕ ಐದಕ್ಕಿಂತ ಕಮ್ಮಿ ಬ್ಯಾಡ. ನಾನು ಕಲಿಯಾಕ ಒಂದು ಮಧ್ಯಾಹ್ನ ಹಿಡೀತು, ಹೊಲದ ಹಗ್ಗ ಹೊಸೆಯೋ ನಮ್ಮ ಮಾವ ನೋಡಿದ ಕೂಡ್ಲೆ ಮಾಡಿದ್ರು, ಅವರ ಕೈಗೆ ಅದು ಬರೇ ಮಿಣಿ ಹೆಣಿಯೋ ಕೆಲಸ. ಮೂತಿ ಮ್ಯಾಲ ಹಗ್ಗ ತಿಕ್ಕೋ ಕಡೆ ಹಳೇ ನೀರಿನ ಪೈಪು ಉದ್ದಕ ಸೀಳಿ ತೊಡಿಸ್ರಿ. ವರ್ಷಕ್ಕೊಮ್ಮೆ ಹಗ್ಗದ ತುದಿ ಅದಲು ಬದಲು ಮಾಡ್ರಿ. ಹಳೇ ನೈಲಾನ್ ತುಂಡು ಹೊಳಿಗೆ ಒಗೀಬ್ಯಾಡ್ರಿ, ಡ್ಯಾಮಿಂದ ಕಂಪ್ಲಿ ತನಕ 34 ಕಿಲೋಮೀಟರ್ ನೀರುನಾಯಿ ಸಂರಕ್ಷಣಾ ಪ್ರದೇಶ ಐತಿ, ಅವುಕ್ಕ ಕಾಲಿಗೆ ಸುತ್ತಿಕೊಂಡ್ರ ಬಿಡಿಸೋರು ಯಾರೂ ಇಲ್ಲ.

ಕೊಳ್ಳುವಾಗ ಒಂದು ಬಕೆಟ್ ನೀರು ಕೇಳ್ರಿ. ಒಂದು ಅಂಗಡ್ಯಾಗ ನನಗ ನೈಲಾನ್ ಅಂತ ಹೇಳಿ ಬಿಳಿ ಪಿಪಿ ಕೊಟ್ಟು ನೈಲಾನಿನ ರೊಕ್ಕ ತಗೊಂಡಿದ್ರು, ಮನಿಗೆ ಬಂದು ನೀರಿಗೆ ಹಾಕಿದಾಗ ತೇಲ್ತು. ಈಗ ಗೇಣುದ್ದ ತುಂಡು ಅಂಗಡ್ಯಾಗ ಮುಳುಗಿಸಿ ನೋಡಿ, ಮುಳುಗಿದ್ರ ಮಾತ್ರ ಅಳೀಸ್ತೀನಿ.