ರಂಗನತಿಟ್ಟಿಗೋ, ಅಘನಾಶಿನಿಗೋ?

ಮಕ್ಕಳ ಜೊತೆ ಒಂದೇ ದಿನ ಇದ್ದರೆ ರಂಗನತಿಟ್ಟಿಗೆ ಹೋಗಿ. ಕಾವೇರಿಯ ನಡುಗಡ್ಡೆಗಳ ನಡುವೆ ದೋಣಿ ಸಾಗುತ್ತದೆ. ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಕೊಂಬೆಯಲ್ಲಿ ಮರಿಗೆ ಉಣಿಸುವ ಬಣ್ಣದ ಕೊಕ್ಕರೆ, ಎರಡೂ ಹತ್ತಿರದಿಂದಲೇ ಕಾಣುತ್ತವೆ. ಮಳೆಗಾಲದಲ್ಲಿ ಮಾತ್ರ ಬೇಡ. ಅಣೆಕಟ್ಟೆಯಿಂದ ನೀರು ಜಾಸ್ತಿ ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ.

ಎರಡು ದಿನ ಸಿಕ್ಕರೆ ನನ್ನ ಆಯ್ಕೆ ಕುಮಟಾ ಹತ್ತಿರದ ಅಘನಾಶಿನಿ ಅಳಿವೆ. ಅಣೆಕಟ್ಟೇ ಇಲ್ಲದೆ ಕಡಲು ಸೇರುವ ನದಿಗಳು ಈಗ ಎಷ್ಟಿವೆ ಹೇಳಿ? 2024ರಲ್ಲಿ ಇದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ರಂಗನತಿಟ್ಟು 2022ರಲ್ಲೇ ಸೇರಿತ್ತು. ಕಡಲ ನೀರು ಹಿಂದೆ ಸರಿಯುವ ಇಳಿತದ ಹೊತ್ತಿಗೆ ಅಘನಾಶಿನಿಗೆ ಹೋಗಿ. ಹೆಂಗಸರು ಕೆಸರಿನಲ್ಲಿ ಬಳಚು ಎಂಬ ಚಿಪ್ಪುಜೀವಿಗಳನ್ನು ಆರಿಸುತ್ತಿರುತ್ತಾರೆ. ಪಕ್ಕದಲ್ಲೇ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವೆ ಏಡಿಗಳು ಸರಿದಾಡುತ್ತವೆ. ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವುದೂ ಇಲ್ಲಿನ ಗಜನಿ ಎಂಬ ಉಪ್ಪುನೀರಿನ ತಗ್ಗು ಗದ್ದೆಗಳಲ್ಲೇ. ಇಳಿತ ಯಾವಾಗ ಅಂತ ಊರಿನ ಮೀನುಗಾರರನ್ನೇ ಕೇಳಿ.