ಉದ್ದಿಗೆ ಉಳುಮೆ ಬೇಕೇ? ಮೂರು ರೀತಿಯಲ್ಲಿ ಬಿತ್ತಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಉಳದೆ ಬಿತ್ತುವುದಕ್ಕೆ. ಏಣೆಲು, ಅಂದರೆ ಮಳೆಗಾಲದ ಭತ್ತ ಕೊಯ್ದ ಗದ್ದೆಗೆ ಟಿಲ್ಲರ್ ಇಳಿಸದೆ, ಕೂಳೆಯ (ಕೊಯ್ದ ಮೇಲೆ ಉಳಿಯುವ ಭತ್ತದ ಬುಡದ) ನಡುವೆಯೇ ಉದ್ದು ಎರಚಿ ಮನೆಗೆ ಬರುವುದು. ಕೇಳಿದರೆ ಸೋಮಾರಿಗಳ ಬೇಸಾಯ ಅನಿಸುತ್ತದೆ. ಪಕ್ಕದ ಗದ್ದೆಯವರು ಈಗಲೂ ಹುಣಿಯ (ಗದ್ದೆಯ ಬದುವಿನ) ಮೇಲೆ ನಿಂತು "ಉಳದೆ ಹಾಕಿದ್ರೆ ಉದ್ದು ಎಲ್ಲಿಂದ ಬರ್ತದೆ ಮಾರಾಯ್ರೆ?" ಅಂತ ಕೇಳುತ್ತಾರೆ. ಬರುತ್ತದೆ. ಜೊತೆಗೆ ಒಂದು ತಲೆನೋವೂ ಬರುತ್ತದೆ. ಅದನ್ನು ಸರಿಯಾಗಿ ಹೇಳಬೇಕು ಅಂತಲೇ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮದು ಉಡುಪಿ ಜಿಲ್ಲೆಯ ಬ್ರಹ್ಮಾವರದ ಹತ್ತಿರದ ಮಜಲು, ಅಂದರೆ ನಡುಮಟ್ಟದ ಗದ್ದೆ. ತಗ್ಗಿನ ಬೈಲಿನ ಹಾಗೆ ತಿಂಗಳುಗಟ್ಟಲೆ ನೀರು ನಿಲ್ಲುವುದಿಲ್ಲ, ಎತ್ತರದ ಬೆಟ್ಟು ಗದ್ದೆಯ ಹಾಗೆ ಮಳೆ ಹೋದ ಕೂಡಲೇ ಒಣಗುವುದೂ ಇಲ್ಲ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಜಿಲ್ಲೆ. ಆದರೆ ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಹರಿದು ಕಡಲು ಸೇರುತ್ತದೆ. ಭತ್ತ ಕೊಯ್ದಾಗ ಮಣ್ಣಿನಲ್ಲಿ ಎಷ್ಟು ತೇವ ಉಳಿದಿದೆಯೋ ಅದೇ ಉದ್ದಿನ ಬಂಡವಾಳ. ಉದ್ದು 75ರಿಂದ 85 ದಿನದ ಬೆಳೆ. ನಡುವೆ ಒಂದೆರಡು ಗುಡುಗು ಮಳೆ ಬಿದ್ದರೆ ಅದು ಬೋನಸ್. ನನಗೆ ಆ ಗದ್ದೆಗೆ ಪಂಪಿನ ವ್ಯವಸ್ಥೆ ಇಲ್ಲ. ಹಾಗಾಗಿ ಯಾವ ವಿಧಾನ ತೇವ ಉಳಿಸುತ್ತದೆ ಅನ್ನುವುದೇ ನನಗೆ ಮುಖ್ಯ, ಉಳಿದದ್ದೆಲ್ಲ ಆಮೇಲೆ.

ಇನ್ನೆರಡು ವಿಷಯ ಗೊತ್ತಿರಲಿ. ನಾನು ವಾರವಿಡೀ ಉಡುಪಿಯಲ್ಲಿ ಕೆಲಸಕ್ಕೆ ಹೋಗುವವನು, ಗದ್ದೆಗೆ ಸಿಗುವುದು ಭಾನುವಾರ ಮತ್ತು ಸಂಜೆ. ಮನೆಯಲ್ಲಿ ಎರಡು ದನ ಇವೆ. ಈ ದನಗಳು ಮುಂದೆ ಕಥೆಯೊಳಗೆ ಬರುತ್ತವೆ.

ಮೊದಲು ರೋಟವೇಟರ್, ಅಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ತಿರುಗುವ ಬ್ಲೇಡಿನಲ್ಲಿ ಮಣ್ಣು ಪುಡಿ ಮಾಡುವ ಸಾಧನ. ಎಲ್ಲರೂ ಮಾಡುವುದು ಇದನ್ನೇ. ಟ್ರ್ಯಾಕ್ಟರ್ ಬಂದು ಎರಡು ಸುತ್ತು ಹೊಡೆದರೆ ಗದ್ದೆ ನೋಡಲು ಚಂದ. ಮಣ್ಣು ದೋಸೆಗೆ ರುಬ್ಬಿಟ್ಟ ಅಕ್ಕಿಯಷ್ಟು ನುಣ್ಣಗೆ. ಕೂಳೆ, ಕಳೆ ಎಲ್ಲ ಮಾಯ. ಬೀಜ ಮಣ್ಣಿನೊಳಗೆ ಮುಚ್ಚಿಹೋಗುವುದರಿಂದ ನವಿಲಿಗೂ ಸಿಗುವುದಿಲ್ಲ. ಇಷ್ಟೆಲ್ಲ ನಿಜ. ಆದರೆ ತಿರುವಿ ಹಾಕಿದ ಮಣ್ಣಿಗೆ ನವೆಂಬರ್ ಬಿಸಿಲು ಬಿದ್ದರೆ ಮೇಲಿನ ನಾಲ್ಕು ಬೆರಳು ಮಣ್ಣು ಬೇಗ ಧೂಳಾಗುತ್ತದೆ. ಬೀಜ ಇರುವುದೂ ಅಲ್ಲೇ. ಆ ವರ್ಷ ನನ್ನ ಗದ್ದೆಯಲ್ಲಿ ತಗ್ಗಿನ ಕಡೆ ಮಾತ್ರ ಸರಿಯಾಗಿ ಮೊಳಕೆ ಬಂತು. ಆಮೇಲೆ ಒಂದು ಜೋರು ಮಳೆ ಹೊಡೆಯಿತು. ಪುಡಿ ಮಣ್ಣು ಅಂಟಿಕೊಂಡು ಮೇಲೊಂದು ಗಟ್ಟಿ ಪದರ ಕಟ್ಟಿತು. ತಡವಾಗಿ ಮೊಳೆತ ಬೀಜಗಳು ಅದನ್ನು ಒಡೆದು ಮೇಲೆ ಬರಲಾಗದೆ ಒಳಗೇ ಬಾಗಿಹೋದವು.

ಇನ್ನೊಂದು ಮಾತಿದೆ, ಅದನ್ನು ಹೆಚ್ಚು ಜನ ಗಮನಿಸುವುದಿಲ್ಲ. ಜೂನ್‌ನಲ್ಲಿ ನಾಟಿಗೆ ಕೆಸರು ಮಾಡುತ್ತೇವಲ್ಲ, ಆಗ ಒಂದು ಗೇಣಿನಷ್ಟು ಕೆಳಗೆ ಗಟ್ಟಿ ಪದರ ಆಗುತ್ತದೆ. ಭತ್ತಕ್ಕೆ ಅದು ಬೇಕು, ಇಲ್ಲದಿದ್ದರೆ ನೀರು ನಿಲ್ಲುವುದಿಲ್ಲ. ಉದ್ದಿನ ಬೇರಿಗೆ ಅದೇ ಗೋಡೆ. ರೋಟವೇಟರಿನ ಬ್ಲೇಡು ಅಷ್ಟು ಆಳಕ್ಕೆ ಹೋಗುವುದಿಲ್ಲ. ಮೇಲಿನದನ್ನು ಮಾತ್ರ ಪುಡಿ ಮಾಡುತ್ತದೆ, ಕೆಳಗಿನದನ್ನು ಮತ್ತಷ್ಟು ಸವರಿ ಒತ್ತುತ್ತದೆ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಇದನ್ನು ಮಾಡಿಸಬೇಕಾ? ಉಳದೆ ಬಿಟ್ಟರೆ ಭತ್ತದ ಹಳೆ ಬೇರು ಕೊಳೆತು ಆಗುವ ಸಣ್ಣ ಸಣ್ಣ ದಾರಿಗಳು ಹಾಗೇ ಉಳಿಯುತ್ತವೆ. ಉದ್ದಿನ ಬೇರು ಅದರಲ್ಲೇ ಇಳಿಯುತ್ತದೆ. ಗಿಡ ಕಿತ್ತು ನೋಡಿದರೆ ಗೊತ್ತಾಗುತ್ತದೆ.

ಎರಡನೆಯದು, ಭತ್ತ ನಿಂತಿರುವಾಗಲೇ ಬಿತ್ತುವುದು. ಕೊಯ್ಲಿಗೆ ಒಂದು ವಾರ, ಹತ್ತು ದಿನ ಇರುವಾಗ ಪೈರಿನ ನಡುವೆ ಬೀಜ ಎರಚುವುದು. ತೇವದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಕೈಯಲ್ಲಿ ಕೊಯ್ಯುವವರು ಇದ್ದಾಗ ಚೆನ್ನಾಗಿತ್ತು. ಈಗ ಬೆಲ್ಟಿನ ಕಟಾವು ಯಂತ್ರ ಬಂದು, ಆಗಷ್ಟೇ ಎರಡೆಲೆ ಬಿಟ್ಟ ಸಸಿಗಳ ಮೇಲೆ ಹತ್ತಿ ತಿರುಗುತ್ತದೆ. ತಿರುಗುವ ಮೂಲೆಗಳಲ್ಲಿ ಒಂದೂ ಉಳಿಯುವುದಿಲ್ಲ. ಕೊಯ್ಯುವ ಜನ ಸಿಗುವವರು ಇದನ್ನೇ ಮಾಡಿ. ನನಗೆ ಸಿಗುವುದಿಲ್ಲ.

ಇನ್ನು ನನ್ನ ಮೆಚ್ಚಿನದು. ಯಂತ್ರ ಕೊಯ್ದು ಹೋದ ದಿನ ಅಥವಾ ಮರುದಿನವೇ ಬಿತ್ತನೆ. ಅಳತೆ ಸುಲಭ: ಗದ್ದೆಯಲ್ಲಿ ನಡೆದರೆ ಹೆಜ್ಜೆ ಮೂಡಬೇಕು, ಮಣ್ಣು ಕಾಲಿಗೆ ಅಂಟಬಾರದು. ಸಾಲಿನಲ್ಲಿ ಹಾಕುವುದಕ್ಕಿಂತ ಬೀಜ ಸ್ವಲ್ಪ ಜಾಸ್ತಿ ಬೇಕು, ಎಕರೆಗೆ 12 ಕೆಜಿಗಿಂತ ಕಡಿಮೆ ಮಾಡಬೇಡಿ. ಹಿಂದಿನ ದಿನ ಬೆಲ್ಲದ ನೀರಿನಲ್ಲಿ ರೈಜೋಬಿಯಂ (ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ) ಕಲಸಿ ಬೀಜಕ್ಕೆ ಹಚ್ಚಿ ನೆರಳಿನಲ್ಲಿ ಒಣಗಿಸಿಕೊಳ್ಳುತ್ತೇನೆ. ಬೇರಿನ ಗಂಟು ಒಡೆದಾಗ ಒಳಗೆ ನಸುಗೆಂಪು ಕಂಡರೆ ಅದು ಕೆಲಸ ಮಾಡುತ್ತಿದೆ ಅಂತ ಅರ್ಥ.

ಈಗ ತಲೆನೋವಿಗೆ ಬರೋಣ. ಬೈಹುಲ್ಲು.

ಯಂತ್ರ ಭತ್ತ ಉದುರಿಸಿ ಹುಲ್ಲನ್ನು ಹಿಂದೆ ಉದ್ದಕ್ಕೂ ಸಾಲಾಗಿ ಬಿಡುತ್ತದೆ. ಆ ಸಾಲಿನ ಕೆಳಗೆ ಬಿದ್ದ ಉದ್ದು ಮೊಳೆಯುತ್ತದೆ, ಆದರೆ ಬೆಳಕಿಲ್ಲದೆ ಹಳದಿಯಾಗಿ, ಉದ್ದುದ್ದ ಎಳೆದುಕೊಂಡು ಮಲಗಿಬಿಡುತ್ತದೆ. ಸಾಲು ತೆಗೆಸೋಣ ಅಂದರೆ ಹುಲ್ಲು ಕಟ್ಟುವ ಯಂತ್ರ ಬರಬೇಕು. ಅದು ಹುಲ್ಲು ಒಣಗದೆ ಬರುವುದಿಲ್ಲ. ಒಣಗಲು ಎರಡು ಮೂರು ದಿನ ಒಳ್ಳೆ ಬಿಸಿಲು ಬೇಕು. ಅಷ್ಟೇ ಅಲ್ಲ, ನನ್ನ ಒಂದು ಗದ್ದೆಗೋಸ್ಕರ ಯಾರೂ ಯಂತ್ರ ತರುವುದಿಲ್ಲ. ಆಚೀಚೆ ನಾಲ್ಕು ಮನೆಯವರದ್ದೂ ಒಟ್ಟಾಗಬೇಕು. "ನಾಳೆ ಬರ್ತೇನೆ ಸರ್" ಅನ್ನುವ ಫೋನ್ ಮಾತಿಗೂ ಗದ್ದೆಯ ತೇವಕ್ಕೂ ಹೊಂದಾಣಿಕೆ ಇಲ್ಲ. ಕಾಯುತ್ತಾ ಕೂತರೆ ತೇವ ಹೋಗುತ್ತದೆ. ನಡುವೆ ಮಳೆ ಬಂದರೆ ಹುಲ್ಲೂ ಹೋಗುತ್ತದೆ.

ಕಾಯದೆ ಬಿತ್ತಿದರೆ? ಆಗ ಹುಲ್ಲು ಕಟ್ಟುವ ಯಂತ್ರ ಎಳೆದು ತರುವ ಟ್ರ್ಯಾಕ್ಟರಿನ ಟಯರು ಯಾವಾಗ ಹತ್ತುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮೊಳಕೆ ಮೇಲೆ ಕಾಣುವ ಮೊದಲೇ ಹತ್ತಿದರೆ ಏನೂ ಹಾಳಾಗುವುದಿಲ್ಲ. ಬೀಜ ಮಣ್ಣಿಗೆ ಒತ್ತಿಕೊಂಡು ಇನ್ನೂ ಚೆನ್ನಾಗಿ ಮೊಳೆಯುತ್ತದೆ, ಟಯರಿನ ಗುರುತಿನ ಉದ್ದಕ್ಕೂ ಸಾಲು ಹಿಡಿದು ಬಂದದ್ದನ್ನು ನಾನೇ ನೋಡಿದ್ದೇನೆ. ಆದರೆ ಎಲೆ ಬಿಟ್ಟ ಮೇಲೆ ಹತ್ತಿದರೆ ಮುಗಿಯಿತು. ಉದ್ದು ಮೊಳೆಯಲು ನಾಲ್ಕೈದು ದಿನ ಸಾಕು. ಅಂದರೆ ಯಂತ್ರದವರು ಹೇಳಿದ ದಿನ ಬರಬೇಕು. ಬರುವುದಿಲ್ಲ.

ಇದಕ್ಕೆ ನಾನು ಕಂಡುಕೊಂಡ ದಾರಿ ಕಟಾವಿನ ದಿನವೇ ಶುರುವಾಗುತ್ತದೆ. ಯಂತ್ರದ ಡ್ರೈವರಿಗೆ ಮೊದಲೇ ಹೇಳಬೇಕು, ಒಂದು ಗೇಣು ಬಿಟ್ಟು ಕೊಯ್ಯಿ ಅಂತ. ಇನ್ನೂ ಕೆಳಗೆ ಕೊಯ್ದರೆ ಸಾಲಿಗೆ ಹುಲ್ಲು ಜಾಸ್ತಿ ಬೀಳುತ್ತದೆ, ಗಂಟೆಯೂ ಜಾಸ್ತಿ ಓಡುತ್ತದೆ. ತೀರಾ ಮೇಲೆ ಕೊಯ್ದರೆ ಕೂಳೆಯ ನೆರಳಿಗೆ ಉದ್ದು ಬಡವಾಗುತ್ತದೆ. ಸಂಜೆ ಬೀಜ ಎರಚಿ, ಕೂಡಲೇ ಮರದ ಕವೆಗೋಲಿನಲ್ಲಿ ಹುಲ್ಲಿನ ಸಾಲನ್ನು ಬಿಡಿಸಿ ಗದ್ದೆಯ ಮೇಲೆಲ್ಲ ತೆಳ್ಳಗೆ ಹರಡುವುದು. ಮಣ್ಣು ಅಲ್ಲಲ್ಲಿ ಕಾಣುತ್ತಿರಬೇಕು, ಅಷ್ಟು ತೆಳ್ಳಗೆ. ಈ ಹೊದಿಕೆ ಬಿಸಿಲನ್ನು ತಡೆಯುತ್ತದೆ, ನವಿಲಿನ ಕಣ್ಣಿಗೂ ಬೀಜ ಕಾಣುವುದಿಲ್ಲ. ಆಮೇಲೆ ಅಲ್ಲೇ ಕೊಳೆತು ಮಣ್ಣಿಗೆ ಸೇರುತ್ತದೆ.

ಉಳಿದ ಹುಲ್ಲನ್ನು ಹೊತ್ತು ಹುಣಿಗೆ ಹಾಕಿ ಒಣಗಿಸುತ್ತೇನೆ, ಅದು ದನಗಳ ಪಾಲು. ಪೂರ್ತಿ ಸಾಲುವುದಿಲ್ಲ. ಬೇಸಿಗೆಗೆ ಒಂದಷ್ಟು ಕಟ್ಟು ಹುಲ್ಲು ಕೊಂಡುಕೊಳ್ಳಲೇಬೇಕು. ಆ ಖರ್ಚನ್ನು ಸೇರಿಸಿದರೂ ಎರಡು ಸುತ್ತು ರೋಟವೇಟರಿನ ಬಾಡಿಗೆಗಿಂತ ಕಡಿಮೆಯೇ ಆಗುತ್ತದೆ. ಹಾಲು ಮಾರುವವರಿಗೆ, ಹಟ್ಟಿ ತುಂಬ ದನ ಇರುವವರಿಗೆ ಈ ಲೆಕ್ಕ ತಲೆಕೆಳಗಾಗಬಹುದು. ಅವರಿಗೆ ಹುಲ್ಲೇ ಚಿನ್ನ.

ಉಳಿದದ್ದು ಚುಟುಕಾಗಿ. ಕೂಳೆ ಚಿಗುರುತ್ತದೆ, ಕತ್ತಿಯಲ್ಲಿ ಕೊಯ್ದು ದನಕ್ಕೆ ಹಾಕಿ. ಯಂತ್ರದ ಬೆಲ್ಟು ಹೂತ ಕಡೆ ನೀರು ನಿಲ್ಲುತ್ತದೆ, ಒಂದು ಸಣ್ಣ ಕಣಿ ತೆಗೆದುಬಿಡಿ, ನಿಂತ ನೀರನ್ನು ಉದ್ದು ಸಹಿಸುವುದಿಲ್ಲ. ಹಳದಿ ಎಲೆ ರೋಗ ಬಿಳಿ ನೊಣದಿಂದ ಹರಡುತ್ತದೆ, ಉತ್ತ ಗದ್ದೆಗೂ ಬರುತ್ತದೆ, ಉಳದ ಗದ್ದೆಗೂ ಬರುತ್ತದೆ. ಅಂಥ ಗಿಡ ಕಂಡ ಕೂಡಲೇ ಕಿತ್ತು ಹಾಕಬೇಕು. ಉಳದ ಗದ್ದೆಯಲ್ಲಿ ಬುಡಕ್ಕೆ ಗೊಬ್ಬರ ಬೆರೆಸಲು ಆಗುವುದಿಲ್ಲವಲ್ಲ, ಅದಕ್ಕೆ ಹೂ ಬಿಡುವಾಗ ಶೇ. 2ರ ಡಿಎಪಿ (ಸಾರಜನಕ, ರಂಜಕ ಇರುವ ರಾಸಾಯನಿಕ ಗೊಬ್ಬರ) ಸಿಂಪಡಣೆ. 2 ಕೆಜಿ ಡಿಎಪಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ತಿಳಿ ನೀರು ಸೋಸಿ, ಒಟ್ಟು 100 ಲೀಟರ್ ಮಾಡಿಕೊಳ್ಳುವುದು. ಹದಿನೈದು ದಿನ ಬಿಟ್ಟು ಮತ್ತೊಮ್ಮೆ.

ಸುಣ್ಣದ ವಿಷಯದಲ್ಲಿ ಮಾತ್ರ ಉಳುಮೆಯವರ ಕೈ ಮೇಲೆ. ನಮ್ಮ ಕರಾವಳಿಯ ಮಣ್ಣು ಹುಳಿ ಮಣ್ಣು. ಉದ್ದಿಗೆ ಹುಳಿ ಆಗುವುದಿಲ್ಲ, ಬೇರಿನ ಗಂಟು ಸರಿಯಾಗಿ ಕಟ್ಟುವುದಿಲ್ಲ. ಉಳದ ಗದ್ದೆಯ ಮೇಲೆ ಸುಣ್ಣ ಎರಚಿದರೆ ಅದು ಮೇಲೆಯೇ ಕೂತಿರುತ್ತದೆ, ಬೇರಿನ ಹತ್ತಿರ ಇಳಿಯಲು ಕಾಲ ಬೇಕು. ಹಾಗಾಗಿ ಮಣ್ಣು ಪರೀಕ್ಷೆಯ ಚೀಟಿ ನೋಡಿ, ಏಣೆಲು ನಾಟಿಗೆ ಮೊದಲು ಉಳುವಾಗಲೇ ಸುಣ್ಣ ಸೇರಿಸಿಬಿಡುತ್ತೇನೆ. ಉದ್ದಿಗೂ ಅದೇ ಸಾಕು.

"ಹಾಗಾದ್ರೆ ಜೂನ್‌ನಲ್ಲಿ ಉಳ್ತೀರಲ್ಲ, ಇದೆಂಥ ಉಳದ ಬೇಸಾಯ?" ಅಂತ ಕೇಳಬಹುದು. ಸರಿ, ನನ್ನದು ಅರ್ಧ ಮಾತ್ರ. ಭತ್ತವನ್ನೂ ಉಳದೆ ಬೆಳೆಯುವವರು ಇದ್ದಾರೆ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ನೇರಳ್‌ನಲ್ಲಿ ಚಂದ್ರಶೇಖರ ಭಡಸಾವಳೆಯವರು ಸಗುಣಾ ವಿಧಾನ ಅಂತ ಮಾಡಿ ತೋರಿಸಿದ್ದಾರೆ. ಒಮ್ಮೆ ಏರಿ (ಎತ್ತರಿಸಿದ ಮಣ್ಣಿನ ಪಾತಿ) ಮಾಡಿಟ್ಟರೆ ಮತ್ತೆ ಉಳುಮೆಯೂ ಇಲ್ಲ, ಕೆಸರೂ ಇಲ್ಲ, ನಾಟಿಯೂ ಇಲ್ಲ. ಭತ್ತದ ಬೇರು ಅಲ್ಲೇ ಬಿಟ್ಟು ಮುಂದಿನ ಬೆಳೆ. ಅದೂ ನಮ್ಮ ಹಾಗೆ ಮಳೆ ಸುರಿಯುವ ಕೊಂಕಣದ ನೆಲ. ಆದರೆ ಅಲ್ಲಿ ಕಳೆಗೆ ಕಳೆನಾಶಕ ಬೇಕಾಗುತ್ತದೆ. ನನ್ನ ಗದ್ದೆಯ ನೀರು ನೇರ ಕೆಳಗಿನ ಮನೆಯವರ ಬಾವಿಯ ಬದಿಯಿಂದ ಹೋಗುತ್ತದೆ, ನನಗೆ ಧೈರ್ಯ ಇಲ್ಲ. ಪಂಜಾಬಿನಲ್ಲಿ ಕೂಳೆಯ ನಡುವೆ ಗೋಧಿ ಬಿತ್ತುವ ಹ್ಯಾಪಿ ಸೀಡರ್ ನೋಡಿ ಆಸೆಪಡುವವರೂ ಇದ್ದಾರೆ. ಅದನ್ನು ಎಳೆಯಲು ದೊಡ್ಡ ಟ್ರ್ಯಾಕ್ಟರ್ ಬೇಕು. ನಮ್ಮ ಗದ್ದೆಯಲ್ಲಿ ಅದು ತಿರುಗುವಷ್ಟರಲ್ಲಿ ಹುಣಿ ಬರುತ್ತದೆ.

ಇಳುವರಿ ಕೇಳುತ್ತೀರಿ ಅಂತ ಗೊತ್ತು. ಬಿತ್ತಿದ ಮೇಲೆ ಹದವಾಗಿ ಮಳೆ ಬಂದ ವರ್ಷ ಉತ್ತ ಗದ್ದೆಯಲ್ಲೇ ಉದ್ದು ಸ್ವಲ್ಪ ಜಾಸ್ತಿ. ಆ ಜಾಸ್ತಿ ಉದ್ದು ಉಳುಮೆಯ ಬಾಡಿಗೆಗೆ ಸಾಲಲಿಲ್ಲ. ಮಳೆ ಕೈಕೊಟ್ಟ ವರ್ಷ ಉಳದ ಗದ್ದೆ ಮಾತ್ರ ಮನೆಯ ದೋಸೆಗೆ ಸಾಲುವಷ್ಟು ಕೊಟ್ಟಿತು, ಮಾರಲೂ ಸ್ವಲ್ಪ ಉಳಿಯಿತು. ಭಾನುವಾರದ ಬೇಸಾಯಗಾರನಾದ ನನಗೆ ಇಷ್ಟು ಸಾಕು. ನೀರಿನ ವ್ಯವಸ್ಥೆ ಇದ್ದು, ಉದ್ದು ಮಾರಿಯೇ ಬದುಕುವವರು ಉಳಬಹುದು, ಅವರಿಗೆ ತೇವದ ಚಿಂತೆ ಇಲ್ಲ. ಕುಂದಾಪುರ, ಬೈಂದೂರು ಕಡೆಯ ಮರಳು ಮಣ್ಣಿನಲ್ಲಿ ನೆಲಗಡಲೆ ಹಾಕುವವರಿಗೆ ಈ ಬರಹ ಅನ್ವಯಿಸುವುದಿಲ್ಲ. ಕಾಯಿ ಕಟ್ಟುವ ಮೊನೆ ಮಣ್ಣಿಗೆ ಇಳಿಯಬೇಕಾದರೆ ಮಣ್ಣು ಸಡಿಲ ಇರಲೇಬೇಕು, ಅಲ್ಲಿ ಉಳುಮೆ ಬೇಕೇ ಬೇಕು.